ಸೈಕಲ್ ಸವಾರಿಯ ಸುಖ: ಚೌಕಟ್ಟಿನದೋ, ಟೈರಿನದೋ?

ರಸ್ತೆ ಓಟದ ಸೈಕಲ್‌ಗಳ ವಿಮರ್ಶೆಗಳಲ್ಲಿ ಒಂದು ಮಾತು ಸೂತ್ರದಂತೆ ಮತ್ತೆ ಮತ್ತೆ ಬರುತ್ತದೆ. ಅಲ್ಯೂಮಿನಿಯಮ್ ಚೌಕಟ್ಟು ಒರಟು, ರಸ್ತೆಯ ಕುಲುಕಾಟವನ್ನೆಲ್ಲ ಮೈಗೆ ಮುಟ್ಟಿಸುತ್ತದೆ. ಕಾರ್ಬನ್ ಎಳೆಯ ಚೌಕಟ್ಟು ಮೃದು, ಕುಲುಕಾಟವನ್ನು ನುಂಗಿಬಿಡುತ್ತದೆ. ಈ ಮಾತನ್ನು ನಂಬಿ ಸಾಕಷ್ಟು ಹೆಚ್ಚಿನ ಹಣ ತೆರುವವರಿದ್ದಾರೆ. ಭೌತವಿಜ್ಞಾನದ ಒರೆಗಲ್ಲಿಗೆ ಹಚ್ಚಿದರೆ ಈ ಹೇಳಿಕೆ ಎಷ್ಟು ನಿಲ್ಲುತ್ತದೆ?

ಮೊದಲು ಅಂಕಿಗಳನ್ನು ನೋಡೋಣ. ಅಲ್ಯೂಮಿನಿಯಮ್ ಮಿಶ್ರಲೋಹದ ಯಂಗ್ ಗುಣಾಂಕ ಸುಮಾರು 70 ಗಿಗಾಪ್ಯಾಸ್ಕಲ್. ಕಾರ್ಬನ್ ಎಳೆಗಳನ್ನು ಒಂದೇ ದಿಕ್ಕಿನಲ್ಲಿ ಜೋಡಿಸಿ ಎಪಾಕ್ಸಿ ರಾಳದಲ್ಲಿ ಬೆಸೆದ ಹಾಳೆಯಲ್ಲಿ ಎಳೆಯ ಉದ್ದಕ್ಕೆ ಅದು ಸುಮಾರು 130, ಅಡ್ಡಕ್ಕೆ ಸುಮಾರು 10. ಅಂದರೆ ಎಳೆಯ ದಿಕ್ಕಿನಲ್ಲಿ ಕಾರ್ಬನ್ನೇ ಹೆಚ್ಚು ಪೆಡಸು! 'ಮೃದು' ಎಂದು ಹೆಸರಾದ ವಸ್ತುವೇ ಅಲ್ಯೂಮಿನಿಯಮ್‌ಗಿಂತ ಕಡಿಮೆ ಮಣಿಯುವಂಥದು. ಹಾಗಾದರೆ ಎಡವಟ್ಟಾಗಿರುವುದು ಎಲ್ಲಿ?

ಪ್ಲಾಸ್ಟಿಕ್ ಅಳತೆಪಟ್ಟಿಯೊಂದನ್ನು ಮೇಜಿನ ಅಂಚಿನಿಂದ ಹೊರಚಾಚಿ ಒತ್ತಿ ನೋಡಿ. ಚಪ್ಪಟೆಯಾಗಿ ಹಿಡಿದಾಗ ಸುಲಭವಾಗಿ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಹಿಡಿದಾಗ ಬಾಗುವುದೇ ಇಲ್ಲವೆನಿಸುತ್ತದೆ. ವಸ್ತು ಒಂದೇ, ಆಕಾರದ ದಿಕ್ಕು ಬೇರೆ. ಯಂಗ್ ಗುಣಾಂಕ ವಸ್ತುವಿನ ಗುಣ; ಬಾಗುವಿಕೆ ರಚನೆಯ ಗುಣ. ತೆಳುಗೋಡೆಯ ಕೊಳವೆಯ ಪೆಡಸುತನ ಅದರ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. ಗೋಡೆಯ ದಪ್ಪ ಹಾಗೆಯೇ ಇದ್ದು ವ್ಯಾಸ ಇಮ್ಮಡಿಯಾದರೆ ತೂಕ ಇಮ್ಮಡಿ, ಪೆಡಸುತನ ಎಂಟು ಮಡಿ.

ಸೈಕಲ್ ಇತಿಹಾಸವೂ ಇದಕ್ಕೆ ಸಾಕ್ಷಿ. 1980ರ ದಶಕದಲ್ಲಿ ಐರ್ಲೆಂಡಿನ ಷಾನ್ ಕೆಲ್ಲಿ ಓಡಿಸಿದ ಫ್ರಾನ್ಸಿನ ವಿಟಸ್ 979 ಅಲ್ಯೂಮಿನಿಯಮ್ ಸೈಕಲ್ಲೇ. ಅದರ ಸಪೂರ ಕೊಳವೆಗಳಿಂದಾಗಿ ಅದು 'ಬಾಗುವ ಸೈಕಲ್' ಎಂದು ಹೆಸರಾಯಿತು. 1983ರಲ್ಲಿ ಅಮೆರಿಕದ ಕ್ಯಾನಂಡೇಲ್ ತಂದ ದಪ್ಪ ಕೊಳವೆಯ ಅಲ್ಯೂಮಿನಿಯಮ್ ಸೈಕಲ್ ಬಲು ಪೆಡಸು ಎನಿಸಿತು. ಲೋಹ ಒಂದೇ, ಕೀರ್ತಿ ತದ್ವಿರುದ್ಧ. ದಪ್ಪ ಕೊಳವೆಗೆ ಕಾರಣವೂ ಇದೆ. ಉಕ್ಕಿಗೆ ಇರುವಂಥ ದಣಿವಿನ ಮಿತಿ ಅಲ್ಯೂಮಿನಿಯಮ್‌ಗಿಲ್ಲ. ಸಣ್ಣ ಪೀಡನವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಬಿರುಕಿಗೆ ದಾರಿಯಾದೀತು. ಆದ್ದರಿಂದ ಪೀಡನ ಕಡಿಮೆ ಇರುವಂತೆ ವಿನ್ಯಾಸಕಾರರು ಕೊಳವೆಯನ್ನು ದಪ್ಪವಾಗಿಸಿದರು.

ಆದರೆ ಪೆಡಲ್ ತುಳಿದಾಗ ಚೌಕಟ್ಟು ಪಕ್ಕಕ್ಕೆ ಬಾಗುವುದು ಬೇರೆ, ಗುಂಡಿಗೆ ಬಿದ್ದಾಗ ಮೇಲೆ ಕೆಳಗೆ ಮಣಿಯುವುದು ಬೇರೆ. ಸೈಕಲ್ ಚೌಕಟ್ಟು ತ್ರಿಭುಜಗಳಿಂದ ಕೂಡಿದೆ. ನೇರ ಮೇಲಿನಿಂದ ಬೀಳುವ ಬಲ ಬಹುಪಾಲು ಕೊಳವೆಗಳ ಉದ್ದಕ್ಕೆ ಹರಿಯುತ್ತದೆ, ಅವನ್ನು ಹೆಚ್ಚು ಬಾಗಿಸುವುದಿಲ್ಲ. ಹೀಗಾಗಿ ಯಾವ ವಸ್ತುವಿನದಾದರೂ ಚೌಕಟ್ಟು ಲಂಬವಾಗಿ ಮಣಿಯುವುದು ಅತ್ಯಲ್ಪ.

ಟೈರು, ಚೌಕಟ್ಟು, ಸೀಟು ಇವನ್ನು ಸರಣಿಯಲ್ಲಿ ಜೋಡಿಸಿದ ಸ್ಪ್ರಿಂಗುಗಳೆಂದು ಭಾವಿಸಿ. ಲೆಕ್ಕದ ಅನುಕೂಲಕ್ಕಾಗಿ, 1 ಮಿಮೀ ಕುಗ್ಗಲು ಟೈರಿಗೆ 100 ನ್ಯೂಟನ್, ಸೀಟು ಮತ್ತು ಅದರ ಕಂಬಕ್ಕೆ 50, ಚೌಕಟ್ಟಿಗೆ 1000 ನ್ಯೂಟನ್ ಬೇಕೆಂದು ಇಟ್ಟುಕೊಳ್ಳೋಣ. 400 ನ್ಯೂಟನ್ ಬಲ ಬಿದ್ದಾಗ ಅವು ಕ್ರಮವಾಗಿ 4, 8 ಮತ್ತು 0.4 ಮಿಮೀ ಕುಗ್ಗುತ್ತವೆ, ಒಟ್ಟು 12.4 ಮಿಮೀ. ಈಗ ಎರಡು ಪಟ್ಟು ಮಣಿಯುವ ಚೌಕಟ್ಟು ತಂದರೆ ಒಟ್ಟು 12.8. ಅದರ ಬದಲು ಹಳೆಯ ಚೌಕಟ್ಟನ್ನೇ ಉಳಿಸಿಕೊಂಡು, ಗಾಳಿ ಇಳಿಸಿ ಟೈರಿನ ಪೆಡಸುತನವನ್ನು ಐದನೇ ಒಂದು ಭಾಗ ತಗ್ಗಿಸಿದರೆ 13.4. ದುಬಾರಿ ಚೌಕಟ್ಟು ಕೊಟ್ಟಿದ್ದಕ್ಕಿಂತ ಹೆಚ್ಚನ್ನು ಪುಕ್ಕಟೆ ಗಾಳಿ ಕೊಟ್ಟಿತು!

ಕಾರ್ಬನ್ನಿನ ಪರವಾಗಿ ಹೇಳಬೇಕಾದ್ದೂ ಇದೆ. ಅದರ ರಾಳ ಕಂಪನವನ್ನು ಲೋಹಕ್ಕಿಂತ ಚೆನ್ನಾಗಿ ಉಡುಗಿಸುತ್ತದೆ. ಆದರೆ ಟೈರಿನ ರಬ್ಬರು ಮತ್ತು ಸವಾರನ ದೇಹ ಹೀರುವುದರ ಮುಂದೆ ಅದು ಕಿರಿದು. ಎಳೆಗಳ ದಿಕ್ಕನ್ನು ಪದರ ಪದರವಾಗಿ ಬದಲಿಸಿ, ಪೆಡಲ್ ಬಳಿ ಪೆಡಸು, ಸೀಟಿನ ಬಳಿ ಸಡಿಲ ಮಾಡುವ ಸ್ವಾತಂತ್ರ್ಯ ಲೋಹದಲ್ಲಿ ಅಷ್ಟಿಲ್ಲ. ಸೀಟಿನ ಕಂಬವನ್ನೇ ಕಾರ್ಬನ್ನಿನಲ್ಲಿ ಮಾಡಿದರೆ, ಅದು ತ್ರಿಭುಜದೊಳಗೆ ಸಿಕ್ಕದೆ ಹೊರಚಾಚಿರುವುದರಿಂದ, ಮಣಿತ ಅನುಭವಕ್ಕೆ ಬರುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾದ ಲಾಭವೆಂದರೆ ಹಗುರ. 1986ರಲ್ಲಿ ಗ್ರೆಗ್ ಲೆಮಾಂಡ್ ಕಾರ್ಬನ್ ಸೈಕಲ್ಲಿನಲ್ಲಿ ಟೂರ್ ದ ಫ್ರಾನ್ಸ್ ಗೆದ್ದದ್ದು ಸುಖಕ್ಕಾಗಿ ಅಲ್ಲ!

ತಯಾರಕರ ನಡೆಯೇ ಈ ವಾದವನ್ನು ಸಮರ್ಥಿಸುತ್ತದೆ. ಪ್ಯಾರಿಸ್–ರೂಬೆ ಓಟದ ಕಲ್ಲುಹಾಸಿನ ಹಾದಿಯಂಥ ಕಡೆಗೆಂದು 2012ರಲ್ಲಿ ಟ್ರೆಕ್ ತನ್ನ ಕಾರ್ಬನ್ ಚೌಕಟ್ಟಿನ ಸೀಟಿನ ಕೊಳವೆಗೆ ಪ್ರತ್ಯೇಕ ಕೀಲು ಇಟ್ಟಿತು. 2016ರಲ್ಲಿ ಸ್ಪೆಷಲೈಜ್ಡ್ ಹ್ಯಾಂಡಲ್ ಕೆಳಗೆ 20 ಮಿಮೀ ಚಲಿಸುವ ಸ್ಪ್ರಿಂಗ್ ಕೂರಿಸಿತು. ಕಾರ್ಬನ್ ತಾನೇ ಕುಲುಕಾಟವನ್ನು ನುಂಗುವುದಾದರೆ ಕೀಲು, ಸ್ಪ್ರಿಂಗ್ ಏತಕ್ಕೆ?

ವಿಮರ್ಶೆಗಳ ದೊಡ್ಡ ದೋಷ ವಿಧಾನದಲ್ಲಿದೆ. ಒಂದು ಸೈಕಲ್ಲಿಗೆ 23 ಮಿಮೀ ಟೈರು, ಇನ್ನೊಂದಕ್ಕೆ 28. ಚಕ್ರ ಬೇರೆ, ಸೀಟು ಬೇರೆ, ಬೆಲೆ ಸವಾರನಿಗೆ ಮೊದಲೇ ಗೊತ್ತು. ಇಷ್ಟೆಲ್ಲ ಬದಲಾದ ಮೇಲೆ ಶ್ರೇಯಸ್ಸನ್ನು ಚೌಕಟ್ಟೊಂದಕ್ಕೇ ಕೊಡುವುದು ಪ್ರಯೋಗವೆನಿಸದು. ಟೈರು, ಒತ್ತಡ, ಸೀಟು ಒಂದೇ ಇರಬೇಕು. ಚೌಕಟ್ಟು ಯಾವುದೆಂದು ಸವಾರನಿಗೆ ತಿಳಿದಿರಬಾರದು. ಸೀಟು ಮತ್ತು ಹ್ಯಾಂಡಲ್‌ಗಳಲ್ಲಿ ವೇಗೋತ್ಕರ್ಷ ಮಾಪಕ ಇಟ್ಟು, ದೇಹಕ್ಕೆ ಹೆಚ್ಚು ತಟ್ಟುವ ಆವೃತ್ತಿಗಳಿಗೆ ಹೆಚ್ಚು ತೂಕ ಕೊಟ್ಟು ಅಳೆಯಬೇಕು. ಕುಳಿತ ದೇಹದ ಲಂಬ ಕಂಪನಕ್ಕೆ ಇದು ಸುಮಾರು 4ರಿಂದ 8 ಹರ್ಟ್ಸ್.

ಅಲ್ಯೂಮಿನಿಯಮ್ ಸೈಕಲ್ ಒರಟೆನಿಸಿದರೆ ಮೊದಲು ಟೈರಿನ ಬದಿಯಲ್ಲಿ ಅಚ್ಚಾಗಿರುವ ಒತ್ತಡದ ಮಿತಿಗಳೊಳಗೆ ಗಾಳಿಯನ್ನು ಸ್ವಲ್ಪ ಇಳಿಸಿ ನೋಡಬೇಕು. ಅತಿಯಾಗಿ ಇಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಂಕ್ಚರಾಗುತ್ತದೆ. ಇದು ಸಾಲದಿದ್ದರೆ ಅಗಲ ಟೈರು. ಅದು ಕೂರಲು ಚೌಕಟ್ಟಿನಲ್ಲಿ ಜಾಗವಿರಬೇಕು. ಕೊಳ್ಳುವಾಗ ಚೌಕಟ್ಟಿನ ಬಗ್ಗೆ ಸುಖದ ದೃಷ್ಟಿಯಿಂದ ಕೇಳಲೇಬೇಕಾದ ಮೊದಲ ಪ್ರಶ್ನೆ 'ಯಾವ ವಸ್ತು?' ಎಂಬುದಲ್ಲ, 'ಎಷ್ಟು ಅಗಲದ ಟೈರು ಹಿಡಿಯುತ್ತದೆ?' ಎಂಬುದು.