ಇಂದಿನ ಕ್ರೈಸ್ತ ಪಾಪ್ ಸಂಗೀತ: ಹಾಡುವವರು ಯಾರು?

ಅಮೆರಿಕದಲ್ಲಿ ಕ್ರೈಸ್ತ ಪಾಪ್ ಸಂಗೀತವು ತಲೆಯೆತ್ತಿ ಅರ್ಧ ಶತಮಾನಕ್ಕೂ ಮಿಕ್ಕಿತು. ಲ್ಯಾರಿ ನಾರ್ಮನ್ ಎಂಬ ನೀಳಗೂದಲಿನ ತರುಣನೊಬ್ಬ 1969ರಲ್ಲಿ ಹೊರತಂದ 'ಅಪಾನ್ ದಿಸ್ ರಾಕ್' ಎಂಬ ಧ್ವನಿಮುದ್ರಿಕೆಯಿಂದ ಅದರ ಹುಟ್ಟನ್ನು ಎಣಿಸುವುದು ವಾಡಿಕೆ. ಅಂದಿನಿಂದ ಇಂದಿನವರೆಗೆ ಅದರ ಮೇಲಣ ದೂರು ನಿಂತದ್ದಿಲ್ಲ. ದೂರುವವರು ಮಾತ್ರ ಬದಲಾಗಿದ್ದಾರೆ. ಮೊದಲಿಗೆ ಮಡಿವಂತರು ದೂರಿದರು. ದೇವರ ಹೆಸರನ್ನು ಡ್ರಮ್ಮು, ವಿದ್ಯುತ್ ಗಿಟಾರುಗಳ ನಡುವೆ ಎಳೆದುತಂದದ್ದೇ ಅಪಚಾರವೆಂಬುದು ಅವರ ವಾದ. ಈಗ ದೂರುವವರು ಸಂಗೀತ ಬಲ್ಲವರು. ಅವರಲ್ಲಿ ಎಷ್ಟೋ ಮಂದಿ ಪ್ರತಿ ಭಾನುವಾರವೂ ಅದೇ ಹಾಡುಗಳನ್ನು ಹಾಡಬೇಕಾದ ಭಕ್ತರು. ಅಪಚಾರದ ಮಾತನ್ನು ಅವರು ಆಡುವುದಿಲ್ಲ. ಭಕ್ತಿಯೇನೋ ಇದೆ, ಸಂಗೀತವೆಲ್ಲಿ ಎಂದು ಕೇಳುತ್ತಾರೆ. ಮೊದಲನೆಯದಕ್ಕಿಂತ ಈ ಎರಡನೆಯ ದೂರಿಗೆ ಉತ್ತರ ಕೊಡುವುದು ಕಷ್ಟ.

ಆದರೆ ಈ ದೂರಿನಲ್ಲಿಯೂ ಹುರುಳಿದ್ದದ್ದು, ಇಲ್ಲದ್ದು ಬೆರೆತುಹೋಗಿವೆ. ಬಹಳ ಪ್ರಚಾರದಲ್ಲಿರುವ ಆಕ್ಷೇಪವೆಂದರೆ, ಇದು ಲೌಕಿಕ ಸಂಗೀತದ ನಕಲು ಎಂಬುದು. 'ಸೌತ್ ಪಾರ್ಕ್' ಎಂಬ ವಿಡಂಬನೆಯ ದೂರದರ್ಶನ ಧಾರಾವಾಹಿಯ 2003ರ ಕಂತೊಂದರಲ್ಲಿ ಹುಡುಗನೊಬ್ಬ ಹಳೆಯ ಪ್ರಣಯಗೀತೆಗಳಲ್ಲಿ ಪ್ರಿಯೆಯನ್ನು ಕರೆಯುವ ಮಾತಿದ್ದಲ್ಲೆಲ್ಲ ಏಸುವಿನ ಹೆಸರನ್ನು ಇಟ್ಟು ಹಣ ಮಾಡಹೊರಡುತ್ತಾನೆ. ನಗು ಬರುವಂಥದೇ. ಆದರೆ ಇದನ್ನೇ ದೊಡ್ಡ ದೋಷವೆಂದು ಹಿಡಿದರೆ ಕ್ರೈಸ್ತ ಸಂಗೀತದ ಅತ್ಯುತ್ತಮ ಭಾಗವನ್ನೂ ಎತ್ತಿ ಹೊರಗೆಸೆಯಬೇಕಾದೀತು. ಹಾನ್ಸ್ ಲಿಯೊ ಹಾಸ್ಲರ್ ಎಂಬಾತ 1601ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತೆಯ ಮಟ್ಟು, ಬಾಖ್‌ನ ಕೈಗೆ ಬರುವ ವೇಳೆಗೆ ಕ್ರಿಸ್ತನ ಯಾತನೆಯ ಗೀತೆಯಾಗಿತ್ತು. 'ಸೇಂಟ್ ಮ್ಯಾಥ್ಯೂ ಪ್ಯಾಷನ್'ನಲ್ಲಿ ಬಾಖ್ ಆ ಮಟ್ಟನ್ನು ಹಲವು ಬಾರಿ ತರುತ್ತಾನೆ. ಹೆಚ್ಚಿನ ಸಲ ಅದರ ಕೆಳಗಿನ ಸ್ವರಗಳ ಹೊಂದಿಕೆ ಬದಲಾಗುತ್ತದೆ, ಬದಲಾದಂತೆ ದುಃಖದ ಬಣ್ಣವೂ ಬದಲಾಗುತ್ತದೆ. ಅದರ ಹಿಂದೆ ಒಬ್ಬ ಹುಡುಗಿಗಾಗಿ ಹಂಬಲಿಸಿದ ಹಾಡಿದೆಯೆಂದು ತಿಳಿದಮೇಲೂ ಕೇಳುವವನ ಭಕ್ತಿ ಕುಗ್ಗುವುದಿಲ್ಲ. ಸಿನಿಮಾ ಮಟ್ಟುಗಳಿಗೆ ಭಜನೆಯ ಮಾತು ಹೊಂದಿಸಿ ಹಾಡುವ ನಮ್ಮ ಮಂಡಳಿಗಳೂ ಎರವಲನ್ನು ಬಲ್ಲುವೇ ಸರಿ. ಬಾಖ್‌ನ ಶ್ರಮ ಅವಕ್ಕೆ ಬೇಡವಾಗಿದೆ, ಅಷ್ಟೆ.

ಇನ್ನೊಂದು ಆಕ್ಷೇಪ: ನಾಲ್ಕೇ ಕಾರ್ಡುಗಳಲ್ಲಿ ಹಾಡು ಮುಗಿಯುತ್ತದೆ ಎಂಬುದು. ಕಾರ್ಡು ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು. ನಮ್ಮ ಮಾತಿನಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಧೈವತ, ಮಧ್ಯಮಗಳನ್ನು ಬುಡವಾಗಿಟ್ಟುಕೊಂಡ ನಾಲ್ಕು ಗೊಂಚಲುಗಳು ಸುತ್ತಿ ಸುತ್ತಿ ಬರುತ್ತಲೇ ಇರುತ್ತವೆ. ಮಾತು ನಿಜ. ಆದರೆ ನೀಗ್ರೋ ಜನಾಂಗದ ಬ್ಲೂಸ್ ಎಂದು ಹಿಂದೆ ಕರೆಯುತ್ತಿದ್ದ, ಕರಿಯ ಅಮೆರಿಕನರ ಆ ಮಹಾ ಸಂಗೀತಕ್ಕೆ ಮೂರೇ ಸಾಕಾಗಿದ್ದುವು. ಬಡತನ ಗೊಂಚಲುಗಳ ಲೆಕ್ಕದಲ್ಲಿಲ್ಲ.

ಮೂರನೆಯದು ಪುನರುಕ್ತಿ. ಏಳು ಮಾತು, ಹನ್ನೊಂದು ಸಲ ಎಂದು ಅಮೆರಿಕದ ಹಳಬರು ಈ ಹಾಡುಗಳನ್ನು ಗೇಲಿ ಮಾಡುವುದುಂಟು. ಒಂದೇ ಪಲ್ಲವಿಯನ್ನು ಅರ್ಧಗಂಟೆ ಹಾಡಿದರೂ ದಣಿಯದ ನಾಡಿನವರಾದ ನಮಗೆ ಈ ಗೇಲಿ ಅಷ್ಟು ತಟ್ಟುವುದಿಲ್ಲ. ಮತ್ತೆಮತ್ತೆ ಹೇಳುವುದು ಭಕ್ತಿಯ ಸ್ವಭಾವ. ಮತ್ತೆ ಹೇಳಿದಾಗ ಏನಾಗುತ್ತದೆ ಎಂಬುದೇ ವಿಚಾರ ಮಾಡಬೇಕಾದ ಮಾತು. ಈ ಸಂಗೀತದ ಬಲಾಬಲವೆಲ್ಲ ಅಲ್ಲಿ ಹೊರಬೀಳುತ್ತದೆ ಎಂದು ನಮಗೆ ತೋರುತ್ತದೆ.

ಎರಡು ಧ್ವನಿಮುದ್ರಿಕೆಗಳನ್ನು ಹೋಲಿಸಿ ನೋಡಬಹುದು. ಮೊದಲನೆಯದು ಆಸ್ಟ್ರೇಲಿಯದ ಸಿಡ್ನಿಯ ಹಿಲ್‌ಸಾಂಗ್ ಸಭೆಯ ಯುವತಂಡ 2013ರಲ್ಲಿ ಹೊರತಂದ 'ಓಷನ್ಸ್'. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕ್ರೈಸ್ತ ಗೀತೆಗಳ ಪಟ್ಟಿಯಲ್ಲಿ ಅದು 61 ವಾರ ಮೊದಲ ಸ್ಥಾನದಲ್ಲಿತ್ತು. ಸಮುದ್ರದ ಮೇಲೆ ನಡೆಯಲು ಹೊರಟ ಪೇತ್ರನ ಕಥೆ ಅದರ ಹಿನ್ನೆಲೆ. ಹಾಡು ಕೆಟ್ಟದಲ್ಲ. ಅದರ ಚರಣ ಮಂದ್ರದ ಕಡೆಗೆ ತಗ್ಗಿ ಹೊರಡುವ ರೀತಿಯಲ್ಲಿ ನೀರಿಗೆ ಕಾಲಿಡುವವನ ಅಳುಕು ನಿಜವಾಗಿಯೂ ಕೇಳಿಬರುತ್ತದೆ. ಆಮೇಲೆ ಪಲ್ಲವಿ, ಚರಣಗಳೆರಡೂ ಅಲ್ಲದ ಒಂದು ನಡುಭಾಗ ಬರುತ್ತದೆ. ಪಾಪ್ ಸಂಗೀತಗಾರರು ಅದನ್ನು ಬ್ರಿಜ್ ಎನ್ನುತ್ತಾರೆ. ಅದೇ ಮಾತು, ಅದೇ ಮಟ್ಟು ಮತ್ತೆಮತ್ತೆ ಬರುತ್ತದೆ. ಮೊದಲು ಪಿಸುದನಿ, ಬರಬರುತ್ತ ಗಿಟಾರಿನ ಪ್ರತಿಧ್ವನಿ, ಡ್ರಮ್ಮು, ಕೀಲಿಮಣೆಯ ಮಂಜಿನಂಥ ನಾದ, ಕೊನೆಗೆ ಎಲ್ಲವೂ ಕೂಡಿದ ಮೊರೆತ. ಒಂಬತ್ತು ನಿಮಿಷದ ಹಾಡು ಮುಗಿದಾಗ ರೋಮಾಂಚವಾಗುವುದು ಸುಳ್ಳಲ್ಲ. ಆದರೆ ಬೆಳೆದುದು ಏನು? ಸ್ವರಗಳ ನಡೆ ಮೊದಲಿದ್ದಂತೆಯೇ ಇದೆ, ಸುತ್ತಲಿನ ಸದ್ದು ಏರಿದೆ. ಮಟ್ಟು ಮಾಡಬೇಕಾದ ಕೆಲಸವನ್ನು ಮೊಳಗು ಮಾಡಿದೆ.

ಎರಡನೆಯದು ಅರೀಥ ಫ್ರಾಂಕ್ಲಿನ್ 1972ರ ಜನವರಿಯಲ್ಲಿ ಲಾಸ್ ಏಂಜಲಿಸ್ಸಿನ ಒಂದು ಬ್ಯಾಪ್ಟಿಸ್ಟ್ ದೇವಾಲಯದಲ್ಲಿ, ಭಕ್ತರ ಎದುರಿಗೇ ಹಾಡಿದ 'ಅಮೇಜಿಂಗ್ ಗ್ರೇಸ್'. ಇದೂ ಹತ್ತು ನಿಮಿಷಕ್ಕೆ ಮೀರಿದ ಹಾಡು. ಆಕೆ ಹಾಡುವ ಸಾಲುಗಳು ಬೆರಳಿನಲ್ಲಿ ಎಣಿಸುವಷ್ಟು. ಆದರೆ ಒಂದು ಪದವನ್ನು ಹಿಡಿದು ಬಿಡಿಸಿ, ಏರಿಸಿ, ಅಲ್ಲೇ ತಡೆದು, ಮುರಿದು, ಮತ್ತೆ ಕೂಡಿಸುವ ಆಕೆಯ ರೀತಿಗೆ ನಮ್ಮ ಕಚೇರಿಗಳಲ್ಲಿ ಒಂದು ಹೆಸರಿದೆ: ನೆರವಲ್. ಪ್ರತಿ ಆವೃತ್ತಿಯಲ್ಲಿಯೂ ಹೊಸ ಸಂಗತಿ ಹುಟ್ಟುತ್ತದೆ. ಕೇಳುತ್ತಿರುವ ಸಭೆಯವರು ನಡುನಡುವೆ ಕೂಗುತ್ತಾರೆ. ಆ ಕೂಗಿನಿಂದ ಆಕೆಯ ಮುಂದಿನ ಸಂಗತಿ ಹುಟ್ಟಿತೋ ಎಂಬಂತೆ ಕೇಳುತ್ತದೆ. ಎರಡೂ ಭಕ್ತಿಯೇ, ಎರಡರಲ್ಲೂ ಪುನರುಕ್ತಿಯೇ. ಒಂದರಲ್ಲಿ ಹಾಡು ತನ್ನ ಕೊನೆಯನ್ನು ಮೊದಲೇ ಬಲ್ಲದು. ಇನ್ನೊಂದರಲ್ಲಿ ಹಾಡುವವಳಿಗೇ ತಾನು ಎಲ್ಲಿಗೆ ಹೋಗಿ ತಲಪುವೆನೆಂದು ಗೊತ್ತಿಲ್ಲ.

ಇಂಥ ಮಹಾಗಾಯಕಿಯೊಡನೆ ಎಲ್ಲರನ್ನೂ ತೂಗಬಹುದೇ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಹಾಗಿದ್ದರೆ ಅದೇ ಹಾಡಿನ ಮಟ್ಟನ್ನೇ ತೆಗೆದುಕೊಳ್ಳೋಣ. ಜಾನ್ ನ್ಯೂಟನ್ನನ ಮಾತುಗಳು ಅಚ್ಚಾದುದು 1779ರಲ್ಲಿ. ಇಂದು ಲೋಕಕ್ಕೆಲ್ಲ ಪರಿಚಿತವಾದ ಮಟ್ಟು ಅವಕ್ಕೆ ಕೂಡಿಬಂದುದು 1835ರಲ್ಲಿ, ಅಮೆರಿಕದಲ್ಲಿ. ಐದೇ ಸ್ವರಗಳ ಮಟ್ಟು ಅದು. ನಮ್ಮ ಮೋಹನದ ಐದು ಸ್ವರಗಳು. ಯಾವ ಪಕ್ಕವಾದ್ಯವೂ ಇಲ್ಲದೆ ಮುದುಕಿಯೊಬ್ಬಳು ಅಡಿಗೆಮನೆಯಲ್ಲಿ ಗುನುಗಿದರೂ ಅದು ಪೂರ್ಣವಾಗಿ ನಿಲ್ಲುತ್ತದೆ. 2006ರಲ್ಲಿ ಕ್ರಿಸ್ ಟಾಮ್ಲಿನ್ ಎಂಬ ಜನಪ್ರಿಯ ಗಾಯಕ ಅದಕ್ಕೊಂದು ಹೊಸ ಪಲ್ಲವಿಯನ್ನು ಸೇರಿಸಿದ. ಈಗ ಅನೇಕ ಸಭೆಗಳಲ್ಲಿ ಅದಿಲ್ಲದೆ ಹಾಡು ಮುಗಿಯುವುದಿಲ್ಲ. ಸೇರಿಸಿದ್ದು ಕಿವಿಗೆ ಹಿತವಾಗಿಯೇ ಇದೆ. ಆದರೆ ಹಳೆಯ ಚರಣದ ಮಗ್ಗುಲಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಚರಣ ತನ್ನ ಕಾಲ ಮೇಲೆ ನಡೆಯುತ್ತದೆ, ಪಲ್ಲವಿ ವಾದ್ಯಗಳು ಎತ್ತಿ ಹಿಡಿಯಲೆಂದು ಕಾಯುತ್ತದೆ. (ಹಳೆಯ ಹಾಡು ಯಾರ ಸೊತ್ತೂ ಅಲ್ಲ, ಸೇರಿಸಿದ ಭಾಗಕ್ಕೆ ಹಕ್ಕುಂಟು, ಕಾಣಿಕೆಯುಂಟು. ಇದನ್ನು ಆರೋಪವಾಗಿ ಹೇಳುತ್ತಿಲ್ಲ. ವ್ಯವಹಾರ ಹೇಗೆ ನಡೆಯುತ್ತದೆಂದು ತಿಳಿದಿರಲಿ ಎಂದಷ್ಟೆ.)

ವಾದ್ಯವಿಲ್ಲದೆ ನಿಲ್ಲುವುದು ಅಷ್ಟು ಮುಖ್ಯವೇ ಎನ್ನಬಹುದು. ಗೋಷ್ಠಿಯಲ್ಲಿ ಕೂತು ಕೇಳುವ ಸಂಗೀತಕ್ಕೆ ಅಷ್ಟು ಮುಖ್ಯವಲ್ಲ. 1991ರಲ್ಲಿ ಏಮಿ ಗ್ರಾಂಟಳ 'ಬೇಬಿ ಬೇಬಿ' ಅಮೆರಿಕದ ಸಾರ್ವತ್ರಿಕ ಪಟ್ಟಿಯಲ್ಲಿಯೇ ಮೊದಲ ಸ್ಥಾನಕ್ಕೇರಿತು. ಅದನ್ನು ಯಾವ ದೇವಾಲಯದಲ್ಲಿಯೂ ಹಾಡಬೇಕಾಗಿರಲಿಲ್ಲ, ಅದರ ಗುಣದೋಷ ಬೇರೆ ಮಾತು. ಆಗ ರೇಡಿಯೋದಲ್ಲಿ ಕೇಳುವ ಹಾಡು, ಆರಾಧನೆಯಲ್ಲಿ ಹಾಡುವ ಹಾಡು ಎಂದು ಎರಡು ಹೊಳೆಗಳು ಬೇರೆಬೇರೆ ಹರಿಯುತ್ತಿದ್ದುವು. ಈಗ ಅವು ಬಹುಮಟ್ಟಿಗೆ ಒಂದಾಗಿವೆ. ಕಷ್ಟ ಶುರುವಾದುದು ಅಲ್ಲಿಯೇ. ಸಭೆ ಹಾಡಬೇಕಾದ ಹಾಡುಗಳನ್ನು ಈಗ ಒಬ್ಬ ಗಾಯಕನ ಕಂಠಕ್ಕೆ ಅಳತೆ ಮಾಡಿ ಹೊಲಿಯುತ್ತಾರೆ. ಹಳೆಯ ಸ್ತುತಿಗೀತೆಗಳು ಸಾಮಾನ್ಯವಾಗಿ ಒಂದು ಸ್ಥಾಯಿಯೊಳಗೆ, ಹೆಚ್ಚೆಂದರೆ ಇನ್ನೊಂದೆರಡು ಸ್ವರದೊಳಗೆ ಮುಗಿಯುತ್ತಿದ್ದುವು. ಹೊಸವುಗಳಲ್ಲಿ ಮೊದಲ ಚರಣವನ್ನು ಕೆಳಗೆ ಗೊಣಗಿ, ಕೊನೆಯದನ್ನು ಮೇಲಿನ ಸ್ಥಾಯಿಗೆ ಹಾರಿಸುವುದು ಪದ್ಧತಿಯೇ ಆಗಿದೆ. ಕೆಳಗೆ ಹೆಂಗಸರಿಗೆ ಎಟಕದು, ಮೇಲೆ ಗಂಡಸರಿಗೆ ಎಟಕದು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. ಅನೇಕ ಸಭೆಗಳಲ್ಲಿ ವಾದಕರ ಕಿವಿಯಲ್ಲಿ ತಾಳದ ಯಂತ್ರವೊಂದು ಟಕಟಕನೆ ಬಡಿಯುತ್ತಿರುತ್ತದೆ, ಏಕೆಂದರೆ ಮೊದಲೇ ಮುದ್ರಿಸಿಟ್ಟ ನಾದಗಳೊಡನೆ ಅವರು ಹೊಂದಿಕೊಂಡು ಹೋಗಬೇಕು. ಹಳೆಯ ಆರ್ಗನ್ನಿನವನು ಸಭೆ ಉಸಿರು ತೆಗೆದುಕೊಳ್ಳುವವರೆಗೆ ತಡೆಯುತ್ತಿದ್ದ. ಮುದುಕರು ಹಿಂದೆ ಬಿದ್ದರೆ ತಾನೂ ನಿಧಾನಿಸುತ್ತಿದ್ದ. ಯಂತ್ರ ಯಾರಿಗೂ ಕಾಯುವುದಿಲ್ಲ. ಮೇಲೆ ದೀಪಗಳ ಝಳಪು, ಕೆಳಗೆ ಕತ್ತಲೆ; ತನ್ನ ದನಿ ತನಗೇ ಕೇಳಿಸದಷ್ಟು ಮೊಳಗು. ಹೀಗಿರುವಾಗ ನಾಲ್ಕನೆಯ ಸಾಲಿನಲ್ಲಿ ನಿಂತವನು ಬಾಯಿ ಮುಚ್ಚಿ ಕೇಳತೊಡಗಿದರೆ ಅವನನ್ನು ದೂರುವುದು ಹೇಗೆ? ಐದುನೂರು ವರ್ಷಗಳ ಹಿಂದೆ ಲೂಥರ್ ಮಾಡಿದ ಕೆಲಸಗಳಲ್ಲಿ ಒಂದು, ಹಾಡನ್ನು ಜನರ ಭಾಷೆಯಲ್ಲಿ ಜನರ ಬಾಯಿಗೆ ತಂದುಕೊಟ್ಟದ್ದು. ಆತನ ಮಾರ್ಗದವರೆಂದು ಹೇಳಿಕೊಳ್ಳುವವರೇ ಈಗ ಅದನ್ನು ವೇದಿಕೆಯ ಮೇಲಿನ ಐದಾರು ಮಂದಿಗೆ ಹಿಂದಿರುಗಿಸುತ್ತಿದ್ದಾರೆ.

ಇದಕ್ಕೆಲ್ಲ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಹಾಡು ಹುಟ್ಟುವ ಮನೆಗಳು ಕಡಮೆಯಾಗಿವೆ. 2010ರಿಂದ 2020ರವರೆಗಿನ ಮುಂಚೂಣಿಯ ಆರಾಧನಾ ಗೀತೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ಅಂಥ 38 ಗೀತೆಗಳಲ್ಲಿ 36ಕ್ಕೆ ಸಿಡ್ನಿಯ ಹಿಲ್‌ಸಾಂಗ್, ಕ್ಯಾಲಿಫೋರ್ನಿಯದ ಬೆಥೆಲ್, ಉತ್ತರ ಕೆರೊಲಿನದ ಎಲಿವೇಷನ್, ಅಟ್ಲಾಂಟದ ಪ್ಯಾಷನ್ ಎಂಬ ನಾಲ್ಕೇ ಬಳಗಗಳ ಸಂಬಂಧವಿದೆಯೆಂದು ತೋರಿಸಿತು. ಲೋಕದ ಅಷ್ಟೊಂದು ಸಭೆಗಳಿಗೆ ನಾಲ್ಕು ಅಡಿಗೆಮನೆಗಳಿಂದ ಊಟ ಹೋದರೆ ಉಪ್ಪುಖಾರ ಯಾರಿಗೂ ಹೆಚ್ಚಾಗದಂತೆ ನೋಡಿಕೊಳ್ಳಲೇಬೇಕಾಗುತ್ತದೆ. ಜೊತೆಗೆ ರೇಡಿಯೋ ಕೇಂದ್ರಗಳಿವೆ. ಮನೆಮಂದಿಯೆಲ್ಲ ನಿಶ್ಚಿಂತೆಯಿಂದ ಕೇಳಬಹುದಾದ, ಮನಸ್ಸಿಗೆ ಧೈರ್ಯ ತುಂಬುವ ಹಾಡುಗಳೇ ಬರುತ್ತವೆಂಬುದು ಅವುಗಳ ವಾಗ್ದಾನ.

ಧೈರ್ಯ ತುಂಬುವುದು ಒಳ್ಳೆಯದೇ. ಆದರೆ ಕ್ರೈಸ್ತರ ಪವಿತ್ರಗ್ರಂಥದಲ್ಲಿಯೇ ಇರುವ ನೂರೈವತ್ತು ಕೀರ್ತನೆಗಳಲ್ಲಿ (ಕನ್ನಡ ಬೈಬಲ್ಲಿನಲ್ಲಿ ಅವಕ್ಕೆ ಕೀರ್ತನೆಗಳೆಂದೇ ಹೆಸರು) ಮೂರರಲ್ಲೊಂದು ಪಾಲಿನಷ್ಟು ಅಳಲಿನ ಹಾಡುಗಳು. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿ ಮೊದಲಾಗಿ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅಂಥದೊಂದಕ್ಕೆ ಮೇಲೆ ಹೇಳಿದ ಏರುತ್ತಲೇ ಹೋಗುವ ಅಚ್ಚು ಹೊಂದುವುದಿಲ್ಲ. ಕೊನೆಗೆ ಮೊಳಗಲೇಬೇಕಾದ ಹಾಡಿನಲ್ಲಿ ಸೋತವನು ಸೋತವನಾಗಿಯೇ ನಿಲ್ಲಲು ಎಡೆಯಿಲ್ಲ. 1932ರಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಒಟ್ಟಿಗೆ ಕಳೆದುಕೊಂಡ ಥಾಮಸ್ ಡಾರ್ಸಿ ಬರೆದ 'ಪ್ರೆಷಸ್ ಲಾರ್ಡ್' ಇಂದಿನ ಅಚ್ಚಿಗೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳುವುದು ಕಷ್ಟವೇನಲ್ಲ.

ಈ ಪಂಥದಲ್ಲಿ ಬೇರೆ ದಾರಿ ಹಿಡಿದವರು ಇಲ್ಲವೆಂದಲ್ಲ. ರಿಚ್ ಮಲಿನ್ಸ್ 1993ರಲ್ಲಿ ತನ್ನ ಬಳಗದೊಡನೆ ಹೊರತಂದ ಧ್ವನಿಮುದ್ರಿಕೆಯಲ್ಲಿ ಸಣ್ಣ ಸುತ್ತಿಗೆಗಳಿಂದ ಬಡಿದು ನುಡಿಸುವ ಡಲ್ಸಿಮರ್ ಎಂಬ ವಾದ್ಯ, ನಮ್ಮ ಸಂತೂರಿನ ದಾಯಾದಿ, ಕೇಳಿಬರುತ್ತದೆ. ತನ್ನ ದೌರ್ಬಲ್ಯವನ್ನು ಮರೆಮಾಚದ ಪ್ರಾರ್ಥನೆಯೂ ಅದರಲ್ಲಿದೆ. 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಈತನ ಹಾಡುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 'ಆಸಮ್ ಗಾಡ್'. ಅದರ ಕಟ್ಟಡ ಬಹಳ ಕಳಪೆಯೆಂದು ಆತನೇ ಹೇಳಿಕೊಂಡಿದ್ದ. ಪ್ರಸಿದ್ಧಿಗೆ ಬಂದ ಮೇಲೂ ಹೀಗೆ ಹೇಳಬಲ್ಲವರು ಈ ರಂಗದಲ್ಲಿ ಇನ್ನೂ ಕೆಲವರಿದ್ದಿದ್ದರೆ ಎನ್ನಿಸುತ್ತದೆ.

ಇಂಗ್ಲೆಂಡಿನ ವ್ಯಾಟ್‌ಫರ್ಡಿನ ಒಂದು ಸಭೆಯಲ್ಲಿ 1990ರ ದಶಕದ ಕೊನೆಯ ವರ್ಷಗಳಲ್ಲಿ ಸಭಾಪಾಲಕ ಒಂದು ಪ್ರಯೋಗ ಮಾಡಿದ. ಧ್ವನಿವರ್ಧಕ, ವಾದ್ಯತಂಡ ಎರಡನ್ನೂ ಕೆಲಕಾಲ ತೆಗೆಸಿ, ಇರುವ ಕಂಠಗಳಿಂದಲೇ ಹಾಡುವಂತೆ ಮಾಡಿದ. ಮೊದಮೊದಲು ಮುಜುಗರದ ಮೌನ. ಆಮೇಲೆ ಜನ ಹಾಡಿದರು. ಆ ಅನುಭವದಿಂದ ಮ್ಯಾಟ್ ರೆಡ್ಮನ್ ಎಂಬ ಗಾಯಕ ಬರೆದ 'ದಿ ಹಾರ್ಟ್ ಆಫ್ ವರ್ಷಿಪ್' ಲೋಕವನ್ನೆಲ್ಲ ಸುತ್ತಿತು. ಸುತ್ತಿದ್ದು ಪೂರ್ಣ ವಾದ್ಯತಂಡದೊಡನೆ.

ಸುತ್ತುತ್ತ ಬಂದ ಇಂಥ ಹಾಡುಗಳಲ್ಲಿ ಕೆಲವು ನಮ್ಮ ಕನ್ನಡ ಸಭೆಗಳಿಗೂ ಬಂದಿವೆ, ಅನುವಾದವಾಗಿ. ಹೊರಗಿನ ಮಟ್ಟಿಗೆ ಕನ್ನಡವನ್ನು ಹೊಂದಿಸುವುದು ನಮ್ಮಲ್ಲಿ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಮಟ್ಟುಗಳಿಗೆ ಕನ್ನಡ ಮಾತುಗಳನ್ನು ಕೂಡಿಸಿದವರೇ. ಆದರೆ ಅವರಲ್ಲಿ ಒಬ್ಬನಾದ ಕಿಟ್ಟೆಲ್ 1862ರ ತನ್ನ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಹೇಳಲು ಈ ನಾಡಿನ ಛಂದಸ್ಸನ್ನೇ ಹಿಡಿದ. ನಿಘಂಟುಕಾರನ ಕಿವಿಗೆ ಲಘುಗುರುಗಳ ಬೆಲೆ ಗೊತ್ತಿತ್ತು. ಇಂದಿನ ಅನುವಾದಗಳಲ್ಲಿ ಇಂಗ್ಲಿಷಿನ ದೀರ್ಘ ಸ್ವರದ ಮೇಲೆ ನಮ್ಮ 'ಮಹಿಮೆ' ಹೋಗಿ ಕೂತರೆ ಅದು 'ಮಾಹೀಮೇ' ಆಗುತ್ತದೆ, 'ಕೃಪೆ'ಯ ಕೊನೆ ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಡ್ರಮ್ಮಿನ ಅಬ್ಬರದಲ್ಲಿ ಅದು ಕಿವಿಗೆ ಬೀಳದೆ ಹೋಗಬಹುದು. ವಾದ್ಯಗಳನ್ನು ನಿಲ್ಲಿಸಿ ಒಂದು ಚರಣ ಹಾಡಿಸಿದರೆ ಅನುವಾದಕನಿಗೇ ಮೊದಲು ಕೇಳಿಸೀತು.