ಹುಲ್ಲುಹಾಸು ಒಣಗಿದ ಜಾಗದಲ್ಲಿ ತರಕಾರಿ ಮಡಿ

ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಲಿನ ಮೊಳಕಾಲ್ಮುರು, ಚಳ್ಳಕೆರೆ ತಾಲ್ಲೂಕುಗಳು ಕರ್ನಾಟಕದ ಅತಿ ಒಣ ಸೀಮೆಗೆ ಸೇರಿದವು. ವರ್ಷದ ಮಳೆ ಸುಮಾರು 500 ಮಿ.ಮೀ.; ಅದರ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಹುಲ್ಲು ಮಳೆಗೆ ಚಿಗುರಿ, ಬೇಸಿಗೆಗೆ ಒಣಗಿ, ಮರುವರ್ಷ ಮತ್ತೆ ಏಳುತ್ತದೆ. ಮನೆಯ ಮುಂದಿನ ಹುಲ್ಲುಹಾಸು ಮಾತ್ರ ಹನ್ನೆರಡು ತಿಂಗಳೂ ಹಸಿರಾಗಿರಬೇಕೆಂಬ ಹಟ ಈ ನೆಲಕ್ಕೆ ಒಗ್ಗುವುದಿಲ್ಲ. ಬಿರುಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ನೀರು ಆರಿಹೋದರೂ, 10 ಅಡಿ ಉದ್ದ 10 ಅಡಿ ಅಗಲದ ಹುಲ್ಲುಹಾಸಿಗೆ ದಿನವೂ 46 ಲೀಟರ್ ನೀರು ಬೇಕು. ಹಾಸು ಒಣಗಿದ ಮೇಲೆ ಅಲ್ಲಿ ತರಕಾರಿ ಬೆಳೆಯುವುದು ಸರಿಯಾದ ತೀರ್ಮಾನವೇ. ಆದರೆ ಅದರ ಫಲ ಮಡಿ ಮಾಡುವ ಬಗೆಯನ್ನು ಅವಲಂಬಿಸಿದೆ.

ತರಕಾರಿಗೆ ಹುಲ್ಲಿಗಿಂತ ಕಡಿಮೆ ನೀರು ಸಾಕೆಂಬುದು ತಪ್ಪು ಕಲ್ಪನೆ. ಚದರಡಿ ಲೆಕ್ಕದಲ್ಲಿ ಎರಡರ ದಾಹವೂ ಹೆಚ್ಚುಕಡಿಮೆ ಒಂದೇ. ಉಳಿತಾಯವಾಗುವುದು ಜಾಗ ಕಿರಿದಾದಾಗ ಮತ್ತು ಮಣ್ಣಿಗೆ ಹೊದಿಕೆ ಇದ್ದಾಗ. 3 ಅಡಿ ಅಗಲ, 10 ಅಡಿ ಉದ್ದದ ಮಡಿಗೆ ದಿನಕ್ಕೆ 14 ಲೀಟರ್, ಅಂದರೆ ಒಂದು ಕೊಡ ನೀರು ಸಾಕು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೂ ಇದಕ್ಕೆ ಸೇರುತ್ತದೆ. ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಹೊದಿಕೆಗೆ ಶೇಂಗಾ ಸಿಪ್ಪೆ ಸುಲಭವಾಗಿ ಸಿಗುತ್ತದೆ.

ಮಳೆ ಹೆಚ್ಚಿರುವ ನಾಡುಗಳ ಎತ್ತರದ ಮಡಿಯನ್ನು ಇಲ್ಲಿಯೂ ಅನುಸರಿಸುವುದು ದೊಡ್ಡ ದೋಷ. ಏರಿಸಿದ ಮಣ್ಣಿನ ನಾಲ್ಕೂ ಬದಿಯನ್ನು ಆಷಾಢದ ಗಾಳಿ ಒಣಗಿಸುತ್ತದೆ. ಕೆಂಪು ನೆಲದಲ್ಲಿ ಮಡಿ ಸುತ್ತಲಿನ ನೆಲಕ್ಕಿಂತ ನಾಲ್ಕೈದು ಇಂಚು ತಗ್ಗಿನಲ್ಲಿರಬೇಕು. ಬಿದ್ದ ಮಳೆ ಅಲ್ಲೇ ಇಂಗುತ್ತದೆ. ನೀರು ನಿಲ್ಲುವ ಎರೆ ನೆಲದಲ್ಲಿ ಮಾತ್ರ ತಗ್ಗು ಮಡಿ ಬೇರು ಕೊಳೆಸುತ್ತದೆ. ಅಲ್ಲಿ ಮಟ್ಟವಾದ ಮಡಿಯೇ ಲೇಸು.

ಹಳೆಯ ಹುಲ್ಲಿನ ಮೇಲೆ ರಟ್ಟು ಹೊದಿಸಿ ಅದರ ಮೇಲೆ ಮಣ್ಣು ತುಂಬುವ ವಿಧಾನವೂ ಇಲ್ಲಿ ಅರ್ಧ ಮಾತ್ರ ಒಪ್ಪುವಂಥದ್ದು. ಒಣ ನೆಲದಲ್ಲಿ ರಟ್ಟಿಗೆ ಗೆದ್ದಲು ಹತ್ತುತ್ತದೆ. ಹಾಸಿನಲ್ಲಿ ಗರಿಕೆ ಸೇರಿದ್ದರೆ, ಮೇಲೆ ಕಂದಾಗಿ ಸತ್ತಂತೆ ಕಂಡರೂ ನೆಲದೊಳಗಿನ ಅದರ ಗೆಣ್ಣುಗಳು ಜೀವ ಹಿಡಿದಿರುತ್ತವೆ. ಗುದ್ದಲಿಯಿಂದ ಒಂದು ಅಡಿ ಅಗೆದು, ಬಿಳಿ ಬೇರುಗಳನ್ನು ಕೈಯಿಂದ ಆರಿಸಿ, ಏಪ್ರಿಲ್ ಬಿಸಿಲಿಗೆ ಹರಡುವುದೇ ನಂಬಬಹುದಾದ ದಾರಿ. ಒಂದು ಗೆಣ್ಣು ಉಳಿದರೂ ಮೊದಲ ಮಳೆಗೆ ಬದನೆ ಬುಡದಲ್ಲಿ ಗರಿಕೆ ಏಳುತ್ತದೆ. ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಹೊಂಗೆ ಹಿಂಡಿ ಬೆರೆಸಿದರೆ ಮಣ್ಣು ಹದಕ್ಕೆ ಬರುತ್ತದೆ.

ಬೆಳೆಯ ಆಯ್ಕೆಯಲ್ಲಿ ಗೋರಿಕಾಯಿ, ಬದನೆ, ಮೆಣಸಿನಕಾಯಿ, ಪುಂಡಿ ಸೊಪ್ಪು ಈ ಬಿಸಿಲನ್ನು ತಡೆಯುತ್ತವೆ. ಮೂಲೆಗೊಂದು ನುಗ್ಗೆ, ಕರಿಬೇವು ಇರಲಿ. ಎಲೆಕೋಸು, ಹೂಕೋಸುಗಳನ್ನು ಚಳಿಗಾಲಕ್ಕಷ್ಟೇ ಇಟ್ಟುಕೊಳ್ಳುವುದು ಒಳಿತು.

ಇಡೀ ಹಾಸನ್ನು ಒಮ್ಮೆಲೇ ತೋಟ ಮಾಡಹೊರಟರೆ ಹುಲ್ಲಿಗೆ ಸಾಲದಾಗಿದ್ದ ನೀರು ತರಕಾರಿಗೂ ಸಾಲದು. ಒಂದು ಕೊಡ ನೀರಿಗೆ ಒಂದು ಮಡಿ ಎಂಬ ಅಳತೆಯಲ್ಲಿ ಆರಂಭಿಸಿದ ಕೈತೋಟ ಈ ಸೀಮೆಯಲ್ಲಿ ಬಾಳುತ್ತದೆ.