ಖಾಲಿ ಕೊಂಬೆಯ ಚಿತ್ರ

ಪೂರ್ಣಚಂದ್ರ ತೇಜಸ್ವಿಯವರ ಬಗ್ಗೆ ಬಂದಿರುವ ವಿಮರ್ಶೆಯನ್ನು ಒಟ್ಟಿಗೆ ಇಟ್ಟುಕೊಂಡು ಓದುವವರಿಗೆ ಒಂದು ವಿಚಿತ್ರ ಬೇಗ ಕಣ್ಣಿಗೆ ಬೀಳುತ್ತದೆ. ‘ಅಬಚೂರಿನ ಪೋಸ್ಟಾಫೀಸು’, ‘ಕರ್ವಾಲೊ’, ‘ಚಿದಂಬರ ರಹಸ್ಯ’ಗಳಿಗೆ ಪುಟಗಟ್ಟಲೆ ವ್ಯಾಖ್ಯಾನವಿದೆ. ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’, ‘ಹಕ್ಕಿ ಪುಕ್ಕ’ಗಳ ಪಾಲಿಗೆ ಬರುವುದು ಹೆಚ್ಚೆಂದರೆ ಒಂದು ಸಾಲು. ಆ ಸಾಲಿನಲ್ಲಿಯೂ ‘ಹವ್ಯಾಸ’ ಎಂಬ ಪದ ಇರುತ್ತದೆ. ಲೇಖಕರಿಗೆ ಫೋಟೊಗ್ರಫಿ ಹವ್ಯಾಸವಿತ್ತು, ಮೀನು ಹಿಡಿಯುವ ಹವ್ಯಾಸವಿತ್ತು, ಚಿತ್ರ ಬರೆಯುವ ಹವ್ಯಾಸವಿತ್ತು ಎಂದು ಹೇಳಿ ವಿಮರ್ಶಕರು ಮತ್ತೆ ಕಾದಂಬರಿಗೆ ಮರಳುತ್ತಾರೆ. ನನ್ನ ಪ್ರಬಂಧದಲ್ಲಿ ಹಕ್ಕಿ ಪುಸ್ತಕಗಳಿಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೇನೆ ಎಂದಾಗ ಹಿರಿಯರೊಬ್ಬರು, ‘ಅದು ಸಾಹಿತ್ಯ ಹೇಗಾಗುತ್ತದಪ್ಪಾ, ಅನುಬಂಧಕ್ಕೆ ಹಾಕು’ ಎಂದರು. ಅವರದು ಒಬ್ಬರ ಅಭಿಪ್ರಾಯವಲ್ಲ; ಕನ್ನಡ ವಿಭಾಗಗಳ ಸಾಮಾನ್ಯ ಅಭಿಪ್ರಾಯ.

ಹವ್ಯಾಸಿ ಎಂಬ ಪದವನ್ನೇ ನೋಡಿ. ರಂಗಭೂಮಿಯ ಸಂದರ್ಭದಲ್ಲಿ ಅದಕ್ಕೆ ಎಷ್ಟು ಮರ್ಯಾದೆ! ಟಿ. ಪಿ. ಕೈಲಾಸಂ ಅವರಿಂದ ಈಚಿನ ಕನ್ನಡ ನಾಟಕದ ಚರಿತ್ರೆಯನ್ನು ಬರೆಯುವಾಗ ಹವ್ಯಾಸಿ ರಂಗಭೂಮಿಯನ್ನು ಬಿಟ್ಟು ಬರೆಯಲಾಗದು. ಅದೇ ಪದ ಕ್ಯಾಮೆರಾದ ಪಕ್ಕ ಕೂತ ಕೂಡಲೇ ಭಾನುವಾರದ ಕಾಲಹರಣ ಎಂಬ ಅರ್ಥಕ್ಕೆ ಇಳಿದುಬಿಡುತ್ತದೆ.

ನಾನು ಹಕ್ಕಿಯ ಫೋಟೊ ತೆಗೆಯಲು ಶುರುಮಾಡಿದ್ದು ಈ ಅಧ್ಯಾಯಕ್ಕಾಗಿಯೇ. ಈಜು ಬಾರದವನು ಈಜಿನ ಬಗ್ಗೆ ಬರೆಯಬಾರದು ಎಂಬ ಹಟ ನನ್ನದಲ್ಲ. ಆದರೆ ಈ ಪುಸ್ತಕಗಳಲ್ಲಿ ಬರುವ ಕಾಯುವಿಕೆ ಎಂಥದ್ದು ಎಂದು ಮೈಗೆ ಗೊತ್ತಾಗದೆ ಅವುಗಳ ಗದ್ಯದ ಬಗ್ಗೆ ಮಾತಾಡುವುದು ಕಷ್ಟವೆನಿಸಿತು. ಯಾರೋ ಬಳಸಿ ಬಿಟ್ಟ ಕ್ಯಾಮೆರಾ, ಅದಕ್ಕೊಂದು 600 ಮಿಲಿಮೀಟರಿನವರೆಗೆ ಹೋಗುವ ಜೂಮ್ ಲೆನ್ಸು. ಜಾಗ ಹುಡುಕುವ ಕಷ್ಟವಿರಲಿಲ್ಲ. ಮಾನಸಗಂಗೋತ್ರಿಯ ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ ಇದೆ. ಅಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿಗಳು ಮನುಷ್ಯರ ಬೆಳಗಿನ ವಾಕಿಂಗಿಗೆ ಎಷ್ಟೋ ಒಗ್ಗಿಹೋಗಿವೆ.

ಮೊದಲು ಗೊತ್ತಾದದ್ದು, ಉದ್ದ ಲೆನ್ಸು ಹಕ್ಕಿಯನ್ನು ಹತ್ತಿರ ತರುವುದಿಲ್ಲ, ಉಳಿದ ಜಗತ್ತನ್ನು ತೆಗೆದುಹಾಕುತ್ತದೆ ಎಂಬುದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 600 ಮಿಲಿಮೀಟರಿನ ಲೆನ್ಸಿಗೆ ಕಾಣುವುದು ಅಡ್ಡಲಾಗಿ ಮೂರೂವರೆ ಡಿಗ್ರಿಯಷ್ಟು ಮಾತ್ರ. ಕೈ ಚಾಚಿ ಹಿಡಿದರೆ ಎರಡು ಬೆರಳಿನ ಅಗಲ. ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದ ಸೂರಕ್ಕಿಯನ್ನು ಆ ಎರಡು ಬೆರಳಿನ ಕಿಂಡಿಯಲ್ಲಿ ಹುಡುಕುವಷ್ಟರಲ್ಲಿ ಅದು ಮೂರು ಹೂ ದಾಟಿರುತ್ತದೆ. ಸಿಕ್ಕಿತು ಎನ್ನುವಾಗ ಆಟೋಫೋಕಸ್ಸಿಗೆ ಹಕ್ಕಿಗಿಂತ ಮುಂದಿನ ಕಡ್ಡಿಯ ಮೇಲೆ ಪ್ರೀತಿ. ಹಾರುವ ಸಣ್ಣ ಹಕ್ಕಿಯ ರೆಕ್ಕೆ ನಿಲ್ಲಬೇಕಾದರೆ ಶಟರ್ ಸೆಕೆಂಡಿನ 2000ದ ಒಂದು ಭಾಗಕ್ಕಿಂತ ಚುರುಕಾಗಿರಬೇಕು. ಅಷ್ಟು ಚುರುಕಿಗೆ ಬೆಳಕು ಬೇಕು. ಬೆಳಕು ಚೆನ್ನಾಗಿ ಬರುವ ಹೊತ್ತಿಗೆ ಹಕ್ಕಿಗಳು ಎಲೆಯೊಳಗೆ ಸೇರಿರುತ್ತವೆ. ಐಎಸ್‌ಒ ಏರಿಸಿದರೆ ಗರಿಯ ನವಿರೆಲ್ಲ ರವೆಯಂತೆ ಒಡೆಯುತ್ತದೆ. ಹೀಗೆ ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುವ ಈ ಲೆಕ್ಕಾಚಾರದಲ್ಲಿ ಕಂಪ್ಯೂಟರಿಗೆ ಇಳಿಸಿದ ಚಿತ್ರಗಳಲ್ಲಿ ಬಹುಪಾಲು ಖಾಲಿ ಕೊಂಬೆಗಳು. ಕೊಂಬೆಗಳಾದರೋ ಅದ್ಭುತವಾಗಿ ಫೋಕಸ್ ಆಗಿವೆ.

ಕಳ್ಳಿಪೀರ ಮಾತ್ರ ಸ್ವಲ್ಪ ದಯಾಳು. ಹುಳ ಹಿಡಿದು ಸಾಮಾನ್ಯವಾಗಿ ಅದೇ ಕೊಂಬೆಗೆ ಮರಳುತ್ತದೆ. ಕಪ್ಪುಬಿಳಿ ಮಿಂಚುಳ್ಳಿಯೂ ಹಾಗೆಯೇ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವುದರಿಂದ ಹೊಸಬರ ಹಾರಾಟದ ಚಿತ್ರಗಳಲ್ಲಿ ಅದರದೇ ಸಿಂಹಪಾಲು. ಒಂದು ಹಕ್ಕಿ ಎಲ್ಲಿಗೆ ಮರಳುತ್ತದೆ ಎಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಈ ತಿಳಿವಳಿಕೆ ಕ್ಯಾಮೆರಾದಿಂದ ಬರುವುದಲ್ಲ, ಕ್ಯಾಮೆರಾ ಕೆಳಗಿಟ್ಟು ಕೂತಾಗ ಬರುವುದು.

ಇಲ್ಲಿಗೆ ನನ್ನ ವಾದಕ್ಕೆ ಬರುತ್ತೇನೆ. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಅಲಂಕಾರಗಳನ್ನು ಹೇಳುವಾಗ ಮೊದಲ ಸ್ಥಾನ ಕೊಟ್ಟದ್ದು ಸ್ವಭಾವೋಕ್ತಿಗೆ. ವಸ್ತುಗಳ ಬೇರೆ ಬೇರೆ ಅವಸ್ಥೆಗಳ ರೂಪವನ್ನು ಕಣ್ಣೆದುರು ತಂದು ನಿಲ್ಲಿಸುವುದು ಅದರ ಲಕ್ಷಣ. ಕುಂತಕ ಇದನ್ನು ಒಪ್ಪಲಿಲ್ಲ. ಸ್ವಭಾವವೇ ಅಲಂಕಾರವಾಗಿಬಿಟ್ಟರೆ ಅಲಂಕಾರ ತೊಡಿಸುವುದು ಯಾವುದಕ್ಕೆ ಎಂಬುದು ಅವನ ತಕರಾರು. ಹಕ್ಕಿ ಪುಸ್ತಕ ಸಾಹಿತ್ಯವಲ್ಲ ಎನ್ನುವವರು ಗೊತ್ತಿಲ್ಲದೆಯೇ ಕುಂತಕನ ಕಡೆಯವರು. ಇದ್ದದ್ದನ್ನು ಇದ್ದಂತೆ ಹೇಳಿದರೆ ಅದರಲ್ಲಿ ಲೇಖಕ ಮಾಡಿದ್ದೇನು ಎಂದೇ ಅವರೂ ಕೇಳುತ್ತಿರುವುದು.

ಮಾಡಿದ್ದೇನು ಎಂಬುದು ಒಂದು ಬೆಳಗ್ಗೆ ಕೆರೆಯ ದಂಡೆಯಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ. ದಂಡಿಯ ಲಕ್ಷಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ‘ಅವಸ್ಥೆಗಳು’ ಎಂಬ ಬಹುವಚನ. ಚೂಪಾಗಿ ಬಂದ ಒಂದು ಚಿತ್ರದಲ್ಲಿ ಹಕ್ಕಿಯ ಒಂದೇ ಒಂದು ಅವಸ್ಥೆ ಇದೆ, ಅದೂ ಸೆಕೆಂಡಿನ 2000ದ ಒಂದು ಭಾಗದಷ್ಟು. ಅದರ ಹಿಂದಿನ ಗಳಿಗೆ, ಮುಂದಿನ ಗಳಿಗೆ, ಅದು ಬರುವ ಮೊದಲು ಕೊಂಬೆ ಇದ್ದ ರೀತಿ, ಹೋದ ಮೇಲೆ ಕೊಂಬೆ ಅಲ್ಲಾಡಿದ ರೀತಿ ಯಾವುದೂ ಇಲ್ಲ. ‘ಹೆಜ್ಜೆ ಮೂಡದ ಹಾದಿ’ಯಂಥ ಪುಸ್ತಕದಲ್ಲಿ ಫೋಟೊದ ಪಕ್ಕ ಗದ್ಯ ಇರುವುದು ಶೀರ್ಷಿಕೆಯ ಕೆಲಸಕ್ಕಲ್ಲ. ಫೋಟೊ ಬಿಟ್ಟುಕೊಟ್ಟ ಅವಸ್ಥೆಗಳನ್ನೆಲ್ಲ ಆ ಗದ್ಯ ಹೊತ್ತಿದೆ. ಗದ್ಯವನ್ನು ಮಾತ್ರ ಓದಿದವರಿಗೆ ಅದು ಸರಳವಾಗಿ ಕಾಣುತ್ತದೆ, ಚಿತ್ರವನ್ನು ಮಾತ್ರ ನೋಡಿದವರಿಗೆ ಚಿತ್ರ ಸುಲಭವಾಗಿ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಓದುವ ಕ್ರಮ ನಮ್ಮ ವಿಮರ್ಶೆಗೆ ಇನ್ನೂ ಬಂದಿಲ್ಲ. ಅದೂ ಫಿಲ್ಮಿನ ಕಾಲ ಎಂಬುದನ್ನು ನೆನಪಿಡಬೇಕು. ಒಂದು ರೋಲಿಗೆ 36 ಚಿತ್ರ. ತೊಳೆದು ನೋಡುವವರೆಗೆ ಏನು ಸಿಕ್ಕಿದೆ ಎಂದು ತಿಳಿಯದು. ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ಹೊಡೆದು ಚೆನ್ನಾದದ್ದನ್ನು ಆರಿಸಿಕೊಳ್ಳುವ ನಮ್ಮ ಕಾಲದವರಿಗೆ ಆ ಜಿಪುಣತನ ಕಲಿಸುವ ಗಮನ ಊಹೆಗೂ ಕಷ್ಟ.

‘ಕರ್ವಾಲೊ’ವನ್ನೂ ಈ ಕಡೆಯಿಂದ ಓದಬಹುದು. ಹಾರುವ ಓತಿಯನ್ನು ಹುಡುಕಿ ಹೊರಟ ಗುಂಪಿನಲ್ಲಿ ಪ್ರಭಾಕರನಿದ್ದಾನೆ, ಅವನು ಫೋಟೊಗ್ರಾಫರ್. ವಿಮರ್ಶೆಯಲ್ಲಿ ಮಂದಣ್ಣನಿಗೆ ಸಿಕ್ಕಷ್ಟು ಜಾಗ ಬೇರೆ ಯಾರಿಗೂ ಸಿಕ್ಕಿಲ್ಲ, ಅದು ನ್ಯಾಯವೇ. ಆದರೆ ವಿಜ್ಞಾನಿ, ರೈತ, ಜೇನು ಹಿಡಿಯುವವನ ಜೊತೆ ಒಬ್ಬ ಕ್ಯಾಮೆರಾದವನನ್ನೂ ಕಾಡಿಗೆ ಕಳಿಸಿದ್ದರ ಅರ್ಥವನ್ನು ನಾವು ಕೇಳಿಕೊಂಡಿಲ್ಲ. ಕೊನೆಗೆ ಓತಿ ಕಾಣಿಸಿಕೊಳ್ಳುತ್ತದೆ, ಕಣಿವೆಯ ಶೂನ್ಯಕ್ಕೆ ತೇಲಿ ಹೋಗುತ್ತದೆ. ಕಾದಂಬರಿ ನಮ್ಮ ಕೈಗೆ ಬಿಟ್ಟು ಹೋಗುವುದು ಮಾದರಿಯನ್ನಲ್ಲ, ಚಿತ್ರವನ್ನಲ್ಲ, ಆ ಹೋದ ದಾರಿಯನ್ನು. ವಾಸ್ತವದಲ್ಲಿ ಹಾರುವ ಓತಿ ಮಲೆನಾಡಿನ ಅಡಿಕೆ ತೋಟಗಳಲ್ಲಿ ಇವತ್ತಿಗೂ ಇದೆ. ಗಂಟಲ ಹಳದಿ ಚೀಲ ಬಿಚ್ಚಿ ಮಡಿಸುವ ಅದರ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಅವನ್ನೆಲ್ಲ ನೋಡಿದ ಮೇಲೂ 1980ರ ಆ ಕಾದಂಬರಿಯ ಕೊನೆಯ ಪುಟ ಮಂಕಾಗುವುದಿಲ್ಲ. ಅದು ಓತಿ ಹೇಗಿದೆ ಎಂದು ತೋರಿಸಲು ಬರೆದ ಪುಟವಾಗಿದ್ದರೆ ಈ ಚಿತ್ರಗಳು ಬಂದ ದಿನವೇ ಹಳತಾಗುತ್ತಿತ್ತು.

ತಂದೆಯ ಕಡೆಗೂ ಒಮ್ಮೆ ನೋಡಬೇಕು. ಕುವೆಂಪು ಅವರ ‘ದೇವರು ರುಜು ಮಾಡಿದನು’ ಕವಿತೆಯಲ್ಲಿ ಆಕಾಶದಲ್ಲಿ ಸಾಗುವ ಹಕ್ಕಿಸಾಲು ದೇವರ ಸಹಿಯಾಗುತ್ತದೆ. ಹಕ್ಕಿಗಳು ರೇಖೆಯಾಗಿ ಕಾಣುವಷ್ಟು ದೂರದಲ್ಲಿ ಕವಿ ನಿಂತಿದ್ದಾರೆ. ಆ ದೂರವಿಲ್ಲದೆ ಆ ಅರ್ಥ ಹುಟ್ಟುವುದಿಲ್ಲ. ಮಗ ಲೆನ್ಸು ಹಿಡಿದು ಹತ್ತಿರ ಹೋದರು. ಹತ್ತಿರ ಹೋದಾಗ ಸಹಿ ಅಳಿಸಿಹೋಗಿ ಒಂದೊಂದು ಹಕ್ಕಿಯಾಯಿತು. ಕೊಕ್ಕು, ಹೇನು, ಹಸಿವು, ಅಕ್ಕಪಕ್ಕದ ಹಕ್ಕಿಯ ಜೊತೆ ಜಗಳ. ಇದನ್ನು ನವೋದಯದಿಂದ ನವ್ಯೋತ್ತರಕ್ಕೆ ಬಂದ ದಾರಿ ಎಂದು ಬರೆದರೆ ಪರೀಕ್ಷಕರು ಒಪ್ಪುತ್ತಾರೇನೋ. ನನಗೆ ಮಾತ್ರ ಇದು ಫೋಕಲ್ ಲೆಂಗ್ತಿನ ವ್ಯತ್ಯಾಸವಾಗಿಯೂ ಕಾಣುತ್ತದೆ, ತಮಾಷೆಗೆ ಹೇಳುತ್ತಿಲ್ಲ.

ಈಗ ನಮ್ಮ ಮೊಬೈಲಿಗೆ ದಿನವೂ ಬಂದು ಬೀಳುವ ಹಕ್ಕಿಚಿತ್ರಗಳಲ್ಲಿ ನನಗಿರುವ ಅಸಮಾಧಾನ ಅವು ಚೆನ್ನಾಗಿಲ್ಲ ಎಂದಲ್ಲ. ಭಯಂಕರ ಚೆನ್ನಾಗಿವೆ. ಹಿನ್ನೆಲೆ ಬೆಣ್ಣೆಯಂತೆ ಕರಗಿದೆ, ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಇದೆ, ಕಡ್ಡಿ ಒಂದೂ ಅಡ್ಡ ಬಂದಿಲ್ಲ. ಇದು ಯಾವ ಮರ, ಯಾವ ಹೊತ್ತು, ಹಕ್ಕಿ ಅಲ್ಲಿಗೆ ಬಂದದ್ದು ಏಕೆ, ಯಾವುದೂ ಗೊತ್ತಾಗುವುದಿಲ್ಲ. ಕುವೆಂಪು ಅವರ ದೂರವೂ ಇಲ್ಲ, ತೇಜಸ್ವಿಯವರ ಸಮಯವೂ ಇಲ್ಲ. ಹತ್ತಿರ ಮಾತ್ರ ಇದೆ. ಪರಿಸರದೊಳಗೆ ಚಿಕ್ಕದಾಗಿ ಕಾಣುವ, ಎಲೆ ಅಡ್ಡ ಬಂದ ಚಿತ್ರಕ್ಕೆ ಈ ವಲಯದಲ್ಲಿ ‘ರೆಕಾರ್ಡ್ ಶಾಟ್’ ಎಂದು ಹೆಸರು. ಬಂದಿತ್ತು ಎನ್ನುವುದಕ್ಕೆ ಸಾಕ್ಷಿ, ಅಷ್ಟೇ ಎಂದು ಹೇಳುವ ಧಾಟಿ. ಒಂದು ಜೀವ ಬಂದಿತ್ತು ಎನ್ನುವುದಕ್ಕೆ ಸಾಕ್ಷಿ ಸಣ್ಣ ಮಾತೇ?

ಅಡ್ಡ ಬಂದ ಎಲೆಯ ವಿಷಯ ರುಚಿಯ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಕಳೆದ ವರ್ಷ ಒಂದು ಊರಿನ ಹೊರಗೆ, ಜಾಗದ ಹೆಸರು ಬೇಡ, ಪಿಕಳಾರದ ಗೂಡೊಂದನ್ನು ಸುತ್ತುವರಿದ ನಾಲ್ಕೈದು ಮಂದಿಯನ್ನು ಕಂಡೆ. ಗೂಡಿನ ಮುಂದಿನ ಎರಡು ರೆಂಬೆಗಳನ್ನು ಕತ್ತರಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಿದ್ದರು. ಮರಿಗಳ ಬಾಯಿ ಚಿತ್ರದಲ್ಲಿ ಕೆಂಪಾಗಿ ಬಂದಿರುತ್ತದೆ. ಎಲೆಗಳು ಅಲ್ಲಿದ್ದದ್ದು ನೆರಳಿಗೆ, ಕಾಗೆ ಕೆಂಬೂತಗಳ ಕಣ್ಣಿಗೆ ಗೂಡು ಬೀಳದಿರುವುದಕ್ಕೆ. ಮೂರನೆಯ ದಿನ ನಾನು ಹೋದಾಗ ಗೂಡು ಖಾಲಿ ಇತ್ತು. ಕಾರಣ ಅದೇ ಎಂದು ಸಾಕ್ಷಿ ಹೇಳಲಾರೆ. ಗೂಡುಗಳು ಹಾಗೆಯೂ ಖಾಲಿಯಾಗುತ್ತವೆ. ಗೂಡಿನ ಚಿತ್ರಗಳನ್ನು ಈಗ ಎಷ್ಟೋ ಸ್ಪರ್ಧೆಗಳು ಸ್ವೀಕರಿಸುವುದಿಲ್ಲ. ನಿಯಮ ಬಂದದ್ದು ಒಳ್ಳೆಯದೇ. ಆದರೆ ಆ ಕತ್ತರಿ ಹಿಡಿದ ಕೈಗೆ ಮಾರ್ಗದರ್ಶನ ಮಾಡಿದ್ದು ಒಂದು ಸೌಂದರ್ಯಪ್ರಜ್ಞೆ. ಹಿನ್ನೆಲೆ ಶುಚಿಯಾಗಿರಬೇಕು, ವಿಷಯ ಒಂದೇ ಇರಬೇಕು ಎಂಬ ಪ್ರಜ್ಞೆ. ಅದನ್ನು ಪ್ರಶ್ನಿಸುವುದು ಅರಣ್ಯ ಇಲಾಖೆಯ ಕೆಲಸವಲ್ಲ, ವಿಮರ್ಶಕರ ಕೆಲಸ.

ಬ್ರಿಟನ್ನಿನ ಎರಿಕ್ ಹಾಸ್ಕಿಂಗ್ ಈ ಕಸುಬಿನ ಹಿರಿಯರಲ್ಲಿ ಒಬ್ಬರು. 1937ರಲ್ಲಿ ಗೂಡಿನ ಬಳಿ ಗೂಬೆಯೊಂದು ಎರಗಿ ಅವರ ಎಡಗಣ್ಣು ಹೋಯಿತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಉಳಿದ ಒಂದು ಕಣ್ಣಿನಲ್ಲೇ ದಶಕಗಳ ಕಾಲ ಹಕ್ಕಿಗಳ ಚಿತ್ರ ತೆಗೆದರು. 1970ರಲ್ಲಿ ಬಂದ ಆತ್ಮಕತೆಗೆ ಅವರು ಇಟ್ಟ ಹೆಸರಿನಲ್ಲೇ ಕಣ್ಣು ಮತ್ತು ಹಕ್ಕಿ ಎರಡೂ ಇವೆ. ಸಾಮಾನ್ಯವಾಗಿ ಈ ಕತೆಯನ್ನು ಛಲದ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಗೂಬೆಯ ಪಾತ್ರವೇ ದೊಡ್ಡದಾಗಿ ಕಾಣುತ್ತದೆ. ಚಿತ್ರದ ವಿಷಯವಾಗಿರಲು ಒಪ್ಪದೆ ಅದು ಚೌಕಟ್ಟಿನಾಚೆ ಬಂದುಬಿಟ್ಟಿತು.

ಚಿತ್ರಕ್ಕೆ ಸಿಕ್ಕಿದರೂ ಸಿಗದ ಹಕ್ಕಿಗಳೂ ಇವೆ. ಚಳಿಗಾಲದಲ್ಲಿ ನಮ್ಮಲ್ಲಿಗೆ ವಲಸೆ ಬರುವ ಎಲೆ ಉಲಿಯಕ್ಕಿಗಳಲ್ಲಿ ಎರಡು ಜಾತಿಗಳಿವೆ. ಎರಡೂ ಮಾಸಲು ಹಸಿರು, ಎರಡಕ್ಕೂ ಹುಬ್ಬಿನ ಮೇಲೊಂದು ತಿಳಿಗೆರೆ, ರೆಕ್ಕೆಯ ಮೇಲೊಂದು ಪಟ್ಟಿ. ಒಂದು ಹಿಮಾಲಯ ಮತ್ತು ಅದರಾಚೆಯ ಕಾಡುಗಳಿಂದ ಬರುವುದು, ಇನ್ನೊಂದು ಕಾಕಸಸ್ ಪರ್ವತಗಳ ಕಡೆಯಿಂದ. ಎಷ್ಟೇ ಚೂಪಾದ ಚಿತ್ರ ತಂದರೂ ಬಲ್ಲವರು ಕೇಳುವುದು ಒಂದೇ: ಕೂಗಿದ್ದು ಹೇಗೆ? ಮೊದಲನೆಯದರ ಕರೆ ಎರಡು ಅಕ್ಷರದ್ದು, ಎರಡನೆಯದರದು ಮೂರು ಅಕ್ಷರದ್ದು. ಛಂದಸ್ಸಿನ ತರಗತಿಯಲ್ಲಿ ಮಾತ್ರೆ ಎಣಿಸಿ ಬೇಸತ್ತವನಿಗೆ ಇದರಲ್ಲೊಂದು ಸೇಡು ತೀರಿದ ಸುಖವಿದೆ.

ನನ್ನ ಬಳಿ ಆ ಹಕ್ಕಿಯ ಹನ್ನೊಂದು ಚಿತ್ರಗಳಿವೆ. ನಾಲ್ಕರಲ್ಲಿ ಬಾಲ ಮಾತ್ರ, ಎರಡರಲ್ಲಿ ಪೂರ್ತಿ ಹಕ್ಕಿ, ಐದರಲ್ಲಿ ಕೊಂಬೆ. ಹನ್ನೊಂದನ್ನೂ ತೆಗೆದ ಕ್ರಮದಲ್ಲೇ ಅಧ್ಯಾಯದಲ್ಲಿ ಇಡುತ್ತಿದ್ದೇನೆ, ಅನುಬಂಧದಲ್ಲಲ್ಲ. ಅಡಿಯಲ್ಲಿ ದಿನಾಂಕ, ಮರದ ಹೆಸರು, ಬೆಳಗಿನ ಗಂಟೆ ಇವೆ. ಜಾತಿಯ ಹೆಸರಿರಬೇಕಾದ ಕಡೆ, ಆ ದಿನ ಅದು ಕೂಗಲಿಲ್ಲ ಎಂದು ಬರೆದಿದ್ದೇನೆ.